ಮೂರನೇ ಚರಣ, ನಾಲ್ಕನೇ ಸಾಲು

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ ಕಾರ್ಮಿಕರ ಕ್ಲಬ್ಬು.
ಮೊದಲು ಬಿಂಗೊ, ಆಮೇಲೆ ಮಾಂಸದ ಲಾಟರಿ.
ಗೆದ್ದವಳು ಹಂದಿಯ ತೊಡೆಯನ್ನು ಕೂಸಿನ ಹಾಗೆ
ಮಡಿಲಲ್ಲಿಟ್ಟುಕೊಂಡು ಕೂತ ಮೇಲೆ
ಥೆಲ್ಮಾ ಬರ್ಕಿಟ್ ಹಾಡಬೇಕು.

ನಾನು ಮೌಲಾಲಿ. ಹಿಂದಿನ ಗೋಡೆಗೆ ಬೆನ್ನು ಕೊಟ್ಟು
ಧ್ವನಿಯ ಗುಂಡಿ ತಿರುಗಿಸುವವನು, ವೈರು ಸುತ್ತುವವನು,
ವ್ಯಾನು ಓಡಿಸುವವನು. ಒಂಬತ್ತು ವರ್ಷದಿಂದ.
ಗುಂಡಿಗಳ ಕೆಳಗೆ ಬಿಳಿ ಪಟ್ಟಿ ಅಂಟಿಸಿ
ಪೆನ್ಸಿಲಿನಲ್ಲಿ ಬರೆದಿದ್ದೇನೆ:
ಇಲ್ಲಿ ಕೆಮ್ಮುತ್ತಾಳೆ,
ಇಲ್ಲಿ ಉಸಿರು ಸಾಲದು,
ಇಲ್ಲಿ ಏನು ಮಾಡುತ್ತಾಳೋ ದೇವರೇ ಬಲ್ಲ.

ಎಪ್ಪತ್ತಾರರಲ್ಲಿ ಆ ಹಾಡಿಗೆ ಊರೇ ಕುಣಿದಿತ್ತಂತೆ.
ಶನಿವಾರ, ಕೆಂಪು ಬೂಟು, ದಡಕ್ಕೆ ಬರುವ ದೋಣಿ,
ಚಪ್ಪಾಳೆಗೆಂದೇ ಹುಟ್ಟಿದ ಹಾಡು.
ಈಗ ಅದನ್ನು ನಾಲ್ಕು ಮನೆ ಕೆಳಗಿಳಿಸಿದ್ದಾಳೆ.
ತಾಳದ ಎರಡು ಪೆಟ್ಟಿನ ನಡುವೆ
ಹೊರಗೊಂದು ಮೀನಿನ ಲಾರಿ
ಹಿಂದೆ ಸರಿದು, ತಿರುಗಿ, ಹೋಗಿಯೇಬಿಡಬಹುದು.
ಜನ ತಟ್ಟಲು ಎತ್ತಿದ ಕೈಗಳನ್ನು
ಎಲ್ಲಿಡಬೇಕೋ ತಿಳಿಯದೆ
ಬಿಯರಿನ ಗ್ಲಾಸಿಗೆ ಮರಳಿಸುತ್ತಾರೆ.

'ಸರಿಯಾಗಿ ಹಾಡಮ್ಮಾ!' ಕೂಗಿದ ಒಬ್ಬ,
ಕಿವಿಯಲ್ಲಿ ಯಂತ್ರ, ಕೊರಳಲ್ಲಿ ಟೈ.
'ಸರಿಯಾಗೇ ಹಾಡ್ತಿದೀನಿ, ರೆಗ್. ತಪ್ಪು ಹಾಡಿದ್ದು ಆಗ.
ಮೂರು ನಿಮಿಷದಲ್ಲಿ ಮುಗಿಸು ಅಂದಿದ್ರು ಕಂಪನಿಯವರು.
ದೋಣಿ ಬರೋದಕ್ಕೆ ಮೂರು ನಿಮಿಷ ಸಾಕಾ?'
ರೆಗ್ ಕೂತ. ಅವನ ಕಾಲು ಮಾತ್ರ ಮೇಜಿನ ಕೆಳಗೆ
ಎಪ್ಪತ್ತಾರರ ತಾಳವನ್ನೇ ಹಾಕುತ್ತಿತ್ತು.

ನಮ್ಮಪ್ಪ ಗದಗಿನಲ್ಲಿ ಕಲಾಯಿ ಹಾಕುತ್ತಿದ್ದ.
ಇದ್ದಿಲು, ತಿದಿ, ನವಸಾಗರದ ಬಿಳಿ ಹೊಗೆ.
ಕಾದ ತಳಕ್ಕೆ ತವರದ ಕಡ್ಡಿ ತಾಗಿಸಿ
ಅರಳೆಯಿಂದ ಒಮ್ಮೆ ಸುತ್ತು ಉಜ್ಜಿದರೆ
ಕಿಲುಬು ಹಿಡಿದ ಬೋಗುಣಿಯೊಳಗೆ
ನನ್ನ ಮೂಗು ನನಗೆ ಕಾಣುತ್ತಿತ್ತು.
'ಪಾತ್ರೆ ಹೊಸಾದು ಮಾಡಂಗಿಲ್ಲೋ' ಅನ್ನುತ್ತಿದ್ದ,
'ಹುಳಿ ತಡಿಯೋ ಹಂಗ ಮಾಡ್ತೀನಿ, ಅಷ್ಟ.'
ಇದನ್ನೊಮ್ಮೆ ಥೆಲ್ಮಾಗೆ ಇಂಗ್ಲಿಷಿನಲ್ಲಿ ಹೇಳಹೋದೆ.
ಹುಳಿ ಅಂದದ್ದಕ್ಕೆ ಅವಳು
ಚಹಾಕ್ಕೆ ನಿಂಬೆ ಬೇಕೇನೋ ಎಂದಳು. ಬಿಟ್ಟೆ.

ಮೂರನೇ ಚರಣ ಮಾತ್ರ ಪ್ರತಿ ರಾತ್ರಿ ಬೇರೆ.
ಲಿಂಕನ್‌ನಲ್ಲಿ ಬರೀ ಗಿಟಾರು,
ಸ್ಕನ್‌ಥಾರ್ಪ್‌ನಲ್ಲಿ ತುಟಿ ಬಿಚ್ಚದ ಗುನುಗು,
ಹಲ್ ಪಟ್ಟಣದಲ್ಲಿ ಹಾಡಲಿಲ್ಲ, ಕಿಟಕಿ ನೋಡಿದಳು.
'ದಿಟ್ಟ ಪ್ರಯೋಗ' ಎಂದು ಪತ್ರಿಕೆಯ ಹುಡುಗ ಬರೆದ.
ನನಗೆ ಗೊತ್ತಾಗಲಿಲ್ಲ, ಬಿಟ್ಟಳೋ, ಮರೆತಳೋ.
ನನ್ನ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಗುರುತು.

ಆ ರಾತ್ರಿ ವ್ಯಾನಿನಲ್ಲಿ, ವಿನೆಗರಿಗೆ ತೊಯ್ದ ಕಾಗದದಿಂದ
ಗಂಟು ಬಿದ್ದ ಬೆರಳಲ್ಲಿ ಚಿಪ್ಸ್ ಹೆಕ್ಕುತ್ತ
ನನ್ನ ಕಡೆ ನೋಡದೆ ಕೇಳಿದಳು:
'ಮೌಲಿ, ನಾಲ್ಕನೇ ಸಾಲು ಹೇಗಿತ್ತು, ಮೊದಲು?'

ಗೊತ್ತಿತ್ತು. 'ಬಂದೇ ಬರುತ್ತಾನೆ, ಬೂಟು ಒರೆಸು.'
ಹಳೆಯ ರೆಕಾರ್ಡಿನಲ್ಲಿ ನೂರು ಸಲ ಕೇಳಿದ್ದೆ.
ಆದರೂ ಬಾಯಿಗೆ ಬಂದದ್ದು ಬೇರೆ:
'ದೀಪ ಇರಲಿ, ಯಾರ ದೋಣಿಯಾದರೂ ಬರಲಿ.'
ವೈಪರು ಎರಡು ಸಲ ಆ ಕಡೆ ಈ ಕಡೆ ಹೋಯಿತು.
'ಹೌದಾ?' ಎಂದಳು. 'ಇಪ್ಪತ್ತೈದರಲ್ಲೇ ನಾನು ಇದನ್ನ ಬರೆದಿದ್ದೆನಾ?'
ನಾನು ಗೇರು ಬದಲಿಸಿದೆ.

ಮುಂದಿನ ಶುಕ್ರವಾರ, ಕ್ಲೀಥೋರ್ಪ್ಸ್. ಅಲ್ಲೂ ರೆಗ್, ಅದೇ ಟೈ.
ಮೂರನೇ ಚರಣಕ್ಕೆ ಅವನ ತುಟಿ
ಹಳೆಯ ಸಾಲಿಗೆ ಸಿದ್ಧವಾಗಿತ್ತು, ಬೂಟಿನ ತನಕ ಬಂದಿತ್ತು.
ಅವಳು ದೀಪವೆಂದಳು.
ಅವನು ಬಾಯಿ ಮುಚ್ಚಿದ,
ಕಿವಿಯ ಯಂತ್ರವನ್ನು ಬೆರಳಿಂದ ಒತ್ತಿಕೊಂಡ.
ನಾನು ಗುಂಡಿಯನ್ನು ಒಂದು ಕೂದಲೆಳೆ ಮೇಲೇರಿಸಿದೆ.
ಪಟ್ಟಿಯ ಮೇಲೆ ಏನೂ ಬರೆಯಲಿಲ್ಲ.